ಒಂದು ಖಾಲಿ, ಮನೆಗೆ

ಡೊಂಬಿವಲಿ ಸ್ಟೇಷನ್ನಿನ ಬ್ರಿಜ್ ಹತ್ತುವಾಗ, ನನ್ನ ಮುಂದಿದ್ದ ಗಂಡಸಿನ ಮುಂಗೈ ಮೇಲೆ ನನ್ನ ಅಮ್ಮನ ದೋಸೆ ಹಚ್ಚೆಯಾಗಿ ಕೂತಿರುವುದನ್ನು ಕಂಡೆ. ದೋಸೆಯ ಚಿತ್ರವಲ್ಲ, ದೋಸೆಯ ಆರ್ಡರು. ನೀಲಿ ದೇವನಾಗರಿ ಅಕ್ಷರದಲ್ಲಿ ‘ಓಂ ಖಾಲಿ ಮನ್’ ಎಂದು ಬರೆಸಿಕೊಂಡಿದ್ದ. ಸುತ್ತ ನಾಲ್ಕಾರು ನಕ್ಷತ್ರ, ಉಂಗುರ ತೊಟ್ಟ ಒಂದು ಗ್ರಹ. ವಯಸ್ಸು ಐವತ್ತು ದಾಟಿದೆ, ನಡುನೆತ್ತಿ ಬೋಳು, ಹಿಂದೆ ಮಾತ್ರ ಇಲಿಬಾಲದಂಥ ಜುಟ್ಟು. ಕಪ್ಪು ಟೀಶರ್ಟು ಹೊಟ್ಟೆಯ ಮೇಲೆ ಹರಿಯುವಷ್ಟು ಬಿಗಿದಿತ್ತು. ಬೆವರಿಗೆ ಆ ಹಚ್ಚೆ ಪಳಪಳ ಹೊಳೆಯುತ್ತಿತ್ತು. ಮೈಗೆ ತಾಗದ ಹಾಗೆ ನಾನು ಎರಡು ಮೆಟ್ಟಿಲು ಹಿಂದೆ ಸರಿದೆ.

ಪಾಪ, ಅವನದೇನೂ ತಪ್ಪಿಲ್ಲ. ಅದು ಮಂತ್ರ ಅಂತ ಅವನಿಗೆ ಹೇಳಿದವನು ನನ್ನ ಸ್ವಂತ ಅಣ್ಣ.

ಅಣ್ಣನದು ಒಂದು ಬ್ಯಾಂಡ್. ಅವನು ಕೀಬೋರ್ಡು, ಕಲ್ಯಾಣದ ಒಬ್ಬ ಡ್ರಮ್ಮು, ಇನ್ನಿಬ್ಬರು ಗಿಟಾರು. ಹುಡುಗರಾಗಿದ್ದಾಗ ಕಟ್ಟಿದ್ದು, ಈಗ ಅಷ್ಟೂ ಜನ ಬಿಪಿ ಗುಳಿಗೆ ತಿನ್ನುವವರು. ಅವರು ನುಡಿಸುವುದಕ್ಕೆ ಸ್ಪೇಸ್ ರಾಕ್ ಅನ್ನುತ್ತಾರೆ. ಹಾಡು ಅಂದರೆ ಹಾಡಲ್ಲ. ಮೊದಲು ಗಾಳಿ ಬೀಸುವ ಸದ್ದು, ಆಮೇಲೆ ಕೀಬೋರ್ಡಿನಲ್ಲಿ ಒಂದೇ ಸ್ವರವನ್ನು ಎಳೆದೂ ಎಳೆದೂ ಜೀವ ತಿನ್ನುವುದು, ನಡುನಡುವೆ ರಾಕೆಟ್ಟು ಹಾರಿದಂತೆ ಗಿಟಾರು. ಕೇಳುವವರು ಕಣ್ಣು ಮುಚ್ಚಿ ಆಕಾಶದಲ್ಲಿ ತೇಲಬೇಕಂತೆ. ಕಲ್ಯಾಣದಲ್ಲಿ ಶುರುವಾದ ಒಂದು ಹಾಡು ಲೋಕಲ್ ಗಾಡಿ ಠಾಣೆ ಸ್ಟೇಷನ್ನಿಗೆ ಬಂದರೂ ಮುಗಿಯುವುದಿಲ್ಲ. ಸುಳ್ಳು ಯಾಕೆ ಹೇಳಲಿ, ಶಾಲೆಗೆ ಹೋಗುವಾಗ ನನಗೂ ಅದು ಇಷ್ಟವಿತ್ತು. ಅಣ್ಣ ಏನೋ ದೊಡ್ಡದು ಮಾಡುತ್ತಿದ್ದಾನೆ ಅಂತ ಗೆಳತಿಯರ ಮುಂದೆ ಜಂಬ ಕೊಚ್ಚಿಕೊಂಡದ್ದೂ ಉಂಟು.

ಆಗ ಅವರು ತಾಲೀಮು ಮಾಡುತ್ತಿದ್ದದ್ದು ಡೊಂಬಿವಲಿಯ ನಮ್ಮ ಹೋಟೆಲಿನ ಪೋಟ್‌ಮಾಳಾದಲ್ಲಿ. ಅಂಗಡಿಯೊಳಗೇ ಹಲಗೆ ಹೊಡೆದು ಮಾಡಿದ ಅಟ್ಟಕ್ಕೆ ಇಲ್ಲಿ ಹಾಗೆ ಹೆಸರು. ನಮ್ಮದು ಬ್ರಹ್ಮಾವರದ ಕಡೆ. ಅಪ್ಪ ಊರಿಂದ ಬಂದು, ಯಾರ್ಯಾರದೋ ಹೋಟೆಲಿನಲ್ಲಿ ದುಡಿದು, ಆಮೇಲೆ ಸ್ವಂತದ್ದು ಮಾಡಿದವರು. ಕೆಳಗೆ ಅಪ್ಪ ದುಡ್ಡಿನ ಗಲ್ಲೆಯ ಮೇಲೆ, ಒಳಗೆ ಕಾವಲಿಯ ಮುಂದೆ ನಮ್ಮೂರಿನವರೇ ಆದ ಭಟ್ಟರು, ಮೇಲೆ ಅಟ್ಟದಲ್ಲಿ ಅಕ್ಕಿ ಮೂಟೆಗಳ ಮಧ್ಯೆ ಅಂತರಿಕ್ಷ. ಮಧ್ಯಾಹ್ನದ ಊಟದ ಗಲಾಟೆ ಮುಗಿದು ಸಂಜೆಯ ತಿಂಡಿ ಶುರುವಾಗುವ ತನಕ ಮಾತ್ರ ಅವರಿಗೆ ಅಪ್ಪಣೆ. ಅಪ್ಪನಿಗೆ ಆ ಸಂಗೀತ ಅರ್ಥವಾಗುತ್ತಿರಲಿಲ್ಲ. ಗಿರಣಿ ಕೆಟ್ಟಿದೆಯಾ ಅಂತ ಗಿರಾಕಿಗಳು ಕೇಳಿದರೆ, ಹೌದು, ರಿಪೇರಿ ನಡೀತಾ ಉಂಟು ಅನ್ನುತ್ತಿದ್ದರು.

ಬೋರ್ಡಿನ ಮೇಲೆ ‘ಸಾದಾ ದೋಸಾ’ ಎಂದು ಬರೆದಿತ್ತು. ಆದರೆ ಅಪ್ಪ ಒಳಗೆ ಕೂಗುವಾಗ ಊರಿನ ಮಾತೇ. ಮಸಾಲೆ ಅಂದರೆ ಮಸಾಲೆ ದೋಸೆ, ಪಲ್ಯವಿಲ್ಲದ್ದು ಖಾಲಿ. ‘ಎರಡು ಮಸಾಲೆ, ಮೂರು ಖಾಲಿ’ ಅಂತ ಗಲ್ಲೆಯಿಂದ ಎದ್ದ ಸ್ವರ ಹೋಟೆಲು ದಾಟಿ ಎದುರಿನ ಟೈಲರನ ಅಂಗಡಿಗೂ ಕೇಳುತ್ತಿತ್ತು. ಮರಾಠಿ ಗಿರಾಕಿಗಳು ಮೊದಮೊದಲು ಹೆದರುತ್ತಿದ್ದರು. ಏನಿದು, ಎಲ್ಲವೂ ಖಾಲಿಯಾಯಿತಾ ಅಂತ.

ನನಗೊಂದು ಕೆಲಸವಿತ್ತು. ಶಾಲೆ ಬಿಟ್ಟು ಬರುವಾಗ ಹೋಟೆಲಿನ ಮುಂದೆ ನಿಂತು ಅಮ್ಮನ ತಿಂಡಿ ಕಟ್ಟಿಸಿಕೊಂಡು ಹೋಗುವುದು. ಅಮ್ಮ ಹೋಟೆಲಿಗೆ ಬರುತ್ತಿರಲಿಲ್ಲ. ಅಪ್ಪನ ಹೋಟೆಲಿನಲ್ಲಿ ಮನೆಯ ಹೆಂಗಸರು ಬಂದು ಕೂರುವ ಪದ್ಧತಿಯೇ ಇರಲಿಲ್ಲ. ನನ್ನ ಯೂನಿಫಾರ್ಮು ಕಂಡ ಕೂಡಲೇ ಅಪ್ಪ ಒಳಗೆ ತಿರುಗಿ, ‘ಒಂ...ದ್ ಖಾಲೀ, ಮನೆಗೇ’ ಅಂತ ಎಳೆದು ಕೂಗುತ್ತಿದ್ದರು. ಬೇರೆ ಆರ್ಡರುಗಳನ್ನು ಹಾಗೆ ಎಳೆಯುತ್ತಿರಲಿಲ್ಲ. ಭಟ್ಟರು ಆ ದೋಸೆಯನ್ನು ಸ್ವಲ್ಪ ಮೆತ್ತಗೆ, ದಪ್ಪಗೆ ಹೊಯ್ದು ಬಾಳೆಲೆಯಲ್ಲಿ ಸುತ್ತಿ ಕೊಡುತ್ತಿದ್ದರು. ನಾನು ಬೆಳಿಗ್ಗೆ ಹೊರಡುವಾಗಲೇ ಅಮ್ಮ ಹೇಳುತ್ತಿದ್ದಳು, ‘ಚಟ್ನಿ ಬೇರೆ ಕಟ್ಲಿಕ್ಕೆ ಹೇಳು ಮಾರಾಯ್ತಿ, ದೋಸೆ ಒದ್ದೆ ಆಗ್ತದೆ.’ ನಾನು ಮರೆಯುತ್ತಿದ್ದೆ. ಅವಳು ಒದ್ದೆ ದೋಸೆಯನ್ನೇ ತಿನ್ನುತ್ತಿದ್ದಳು.

ಅಪ್ಪ ಅಮ್ಮನನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಹುಟ್ಟಿದ ಮೇಲೆ ಕೇಳಿದವಳಲ್ಲ. ಮನೆಯಲ್ಲಿ ‘ಹೋಯ್’, ಹೊರಗೆ ಹೋದರೆ ಒಂದು ಕೆಮ್ಮು, ಹೋಟೆಲಿನಲ್ಲಿ ‘ಮನೆ’. ಮನೆಯಿಂದ ಫೋನು ಬಂತು, ಮನೆಗೆ ಹುಷಾರಿಲ್ಲ, ಮನೆಯನ್ನು ಡಾಕ್ಟರ ಹತ್ರ ಕರಕೊಂಡು ಹೋಗಬೇಕು. ಕೇಳಿದವರು ನಗುತ್ತಿದ್ದರು. ಅಪ್ಪನಿಗೆ ಅದರಲ್ಲಿ ನಗುವಂಥದ್ದೇನೂ ಕಾಣುತ್ತಿರಲಿಲ್ಲ.

ಒಂದು ದಿನ ಅಟ್ಟದಲ್ಲಿ ಇವರು ಟೇಪ್ ಓಡಿಸಿಕೊಂಡು ನುಡಿಸುತ್ತಿದ್ದಾಗ ನಾನು ಕೆಳಗೆ ಬಂದು ನಿಂತೆ. ಅಪ್ಪ ಕೂಗಿದರು. ಹಲಗೆಯ ಸಂದಿಯಿಂದ ಆ ಕೂಗು ಮೇಲೇರಿ ಟೇಪಿನೊಳಗೆ ಸೇರಿತು. ಆಮೇಲೆ ಕೇಳಿದಾಗ ಅಣ್ಣನ ಗೆಳೆಯರಿಗೆ ಮೈ ಜುಮ್ಮೆಂದಿತಂತೆ. ಅವರಲ್ಲಿ ಯಾರಿಗೂ ಕನ್ನಡ ಬಾರದು. ‘ಒಂದ್’ ಅನ್ನುವುದು ಅವರಿಗೆ ‘ಓಂ’ ಆಯಿತು. ‘ಖಾಲಿ’ ಹಿಂದಿಯಲ್ಲೂ ಮರಾಠಿಯಲ್ಲೂ ಬರಿದು. ‘ಮನೆ’ಯಲ್ಲಿ ಮನ್ ಕೇಳಿತು, ಅಂದರೆ ಮನಸ್ಸು. ಓಂ, ಬರಿದಾದ ಮನಸ್ಸು. ಇದು ಉಪನಿಷತ್ತಾ ಅಂತ ಡ್ರಮ್ಮಿನವನು ಕೇಳಿದನಂತೆ. ಅಣ್ಣ ಆಗ ಬಾಯಿ ಬಿಟ್ಟು ಅದು ದೋಸೆ ಮಾರಾಯಾ ಅಂದಿದ್ದರೆ ಮುಗಿಯುತ್ತಿತ್ತು. ಅವನು ಸುಮ್ಮನಿದ್ದ. ಹೋಟೆಲಿನವರ ಮಗ ಅನ್ನಿಸಿಕೊಳ್ಳಲು ಅವನಿಗೆ ಮೊದಲಿಂದಲೂ ನಾಚಿಕೆ. ಅದಕ್ಕೆ ಎಕೋ ಹಾಕಿ, ಮತ್ತೆ ಮತ್ತೆ ಅನುರಣಿಸುವ ಹಾಗೆ ಮಾಡಿ, ಮೊದಲ ಕ್ಯಾಸೆಟ್ಟಿನ ಮೊದಲ ಹಾಡಿಗೇ ಸೇರಿಸಿದ.

ಅಪ್ಪ ಅದನ್ನು ಒಂದು ಸಲ ಪೂರ್ತಿ ಕೇಳಿದರು. ಕೇಳಿ ಅವರು ಹೇಳಿದ್ದು ಒಂದೇ ಮಾತು: ‘ಭಟ್ರಿಗೆ ಕಿವಿ ಕೇಳೂದಿಲ್ವಾ? ಒಂದು ದೋಸೆಗೆ ನಾನು ಇಷ್ಟು ಸಲ ಕೂಗ್ಬೇಕಾ?’

ಅಮ್ಮನ ಕಥೆ ಬೇರೆ. ಹೋಟೆಲಿಗೆ ಹೋಗದ ಅವಳು ಆ ಕೂಗನ್ನು ಅದುವರೆಗೆ ಕೇಳಿರಲೇ ಇಲ್ಲ. ತನ್ನ ದೋಸೆಯನ್ನು ಅಪ್ಪ ಊರಿಗೆಲ್ಲ ಕೇಳುವಂತೆ ಎಳೆದು ಕೂಗುತ್ತಾರೆ ಅನ್ನುವುದು ಅವಳಿಗೆ ಗೊತ್ತಾದದ್ದೇ ಕ್ಯಾಸೆಟ್ಟಿನಿಂದ. ಅಪ್ಪ ಹೋಟೆಲಿಗೆ ಹೋದ ಮೇಲೆ, ಬೇಳೆ ಬೇಯಲು ಇಟ್ಟು, ಟೇಪ್ ರೆಕಾರ್ಡರಿನ ಮುಂದೆ ಕೂತು ಅದನ್ನು ಹಾಕುತ್ತಿದ್ದಳು. ಅಷ್ಟು ತುಂಡು ಕೇಳಿ, ಬಾಯಿಗೆ ಕೈ ಅಡ್ಡ ಹಿಡಿದು ನಕ್ಕು, ಮುಂದಿನ ಸಂಗೀತ ಶುರುವಾಗುವ ಮೊದಲೇ ಪಟ್ಟನೆ ನಿಲ್ಲಿಸುತ್ತಿದ್ದಳು. ಮತ್ತೆ ಹಿಂದಕ್ಕೆ ಸುತ್ತುತ್ತಿದ್ದಳು. ನನ್ನನ್ನು ಕಂಡರೆ, ಧೂಳು ಒರೆಸುತ್ತಿದ್ದೆ ಅನ್ನುತ್ತಿದ್ದಳು.

ಆ ಕ್ಯಾಸೆಟ್ಟು ಸವೆದು, ಮಳೆಗಾಲದ ಥಂಡಿಗೆ ಬೂಷ್ಟು ಹಿಡಿದು, ಕೊನೆಗೆ ಮಿಷನ್ನಿಗೆ ಸಿಕ್ಕಿ ನುರಿದುಹೋಯಿತು. ಅಪ್ಪ ಹೋದರು. ಹೋಟೆಲು ಹೋಗಿ ಅಲ್ಲಿ ಮೊಬೈಲ್ ಅಂಗಡಿ ಬಂತು. ಅಮ್ಮ ನನ್ನ ಜೊತೆ ಇರಲು ಬಂದಳು. ಒಂದು ದಿನ ಅಪ್ಪನ ಸ್ವರ ಕೇಳಬೇಕು ಅಂದಳು. ಹುಡುಕಿದರೆ ಮನೆಯಲ್ಲಿ ಎಲ್ಲೂ ಇಲ್ಲ. ಮದುವೆಯ ವಿಡಿಯೋಗಳಲ್ಲೆಲ್ಲ ಮಾತಿನ ಮೇಲೆ ಸಿನಿಮಾ ಹಾಡು ಹಚ್ಚಿದ್ದಾರೆ. ಫೋನಿನಲ್ಲಿ ಅಪ್ಪ ‘ಹಾಂ, ಇಡ್ತೇನೆ’ ಬಿಟ್ಟು ಬೇರೆ ಮಾತಾಡಿದವರಲ್ಲ, ಅದನ್ನೂ ಯಾರೂ ಉಳಿಸಿಲ್ಲ. ಉಳಿದದ್ದು ಆ ಕೂಗು ಒಂದೇ. ಅದು ನೆಟ್ಟಿನಲ್ಲಿ ಇದೆ, ನಿಜ, ಆದರೆ ಅಣ್ಣನ ಎಕೋ, ಗಾಳಿ, ರಾಕೆಟ್ಟುಗಳ ಅಡಿಯಲ್ಲಿ. ಅಮ್ಮನಿಗೆ ಈಗ ಕಿವಿಗೆ ಮಿಷನ್. ಅದರಲ್ಲಿ ಕೇಳಿದರೆ ಬರೀ ಭೋರ್ ಅನ್ನುತ್ತದೆ. ‘ಇದು ಮಿಕ್ಸಿಯಾ?’ ಅಂತ ಕೇಳಿದಳು.

ಅಷ್ಟರಲ್ಲಿ ಅಣ್ಣನ ಬ್ಯಾಂಡಿನ ಹೊಸ ಆಲ್ಬಂ ಬರುತ್ತದೆ ಅಂತ ಸುದ್ದಿಯಾಯಿತು. ಅವರು ಏನನ್ನೂ ಹೊಸದಾಗಿ ಮಾಡದೆ ಯಾವ ಕಾಲವಾಗಿತ್ತೋ. ಆ ಒಂದು ಕ್ಯಾಸೆಟ್ಟನ್ನೇ ದೇವರ ಹಾಗೆ ಹೊತ್ತುಕೊಂಡು ತಿರುಗುವ ಅಭಿಮಾನಿಗಳು ಕುಣಿದಾಡಿದರು. ಈ ವರ್ಷ, ಬರುವ ವರ್ಷ ಅಂತ ಅದು ಮುಂದೆ ಹೋಗುತ್ತಲೇ ಇತ್ತು. ಡ್ರಮ್ಮಿನವನ ಮೊಣಕಾಲಿನ ಆಪರೇಷನ್ನು, ಒಬ್ಬ ಗಿಟಾರಿನವನ ಡೈವೋರ್ಸು. ಅಂದು ಓಡಿಸಿದ್ದ ಟೇಪಿನ ಹಳೆಯ ಸ್ಪೂಲಿನಿಂದ ಅಪ್ಪನ ಸ್ವರವನ್ನು ಕಂಪ್ಯೂಟರಿನಲ್ಲಿ ಬೇರೆ ಮಾಡಿ ತೊಳೆದು ಹಾಕುತ್ತೇವೆ, ನಿನಗೂ ಸ್ಪಷ್ಟವಾಗಿ ಕೇಳುತ್ತದೆ ಅಂತ ಅಣ್ಣ ಅಮ್ಮನಿಗೆ ಮಾತು ಕೊಟ್ಟಿದ್ದ. ಅಂದಿನಿಂದ ಅವನು ಫೋನು ಮಾಡಿದಾಗಲೆಲ್ಲ ಅಮ್ಮನದು ಒಂದೇ ಪ್ರಶ್ನೆ: ‘ಆಲ್ಬಂ ಬಂತಾ?’ ತನ್ನ ಸಂಗೀತಕ್ಕಾಗಿ ಅಮ್ಮ ಇಷ್ಟೊಂದು ಕಾಯುತ್ತಿದ್ದಾಳೆ ಅಂತ ಅವನು ಎಲ್ಲರ ಹತ್ತಿರವೂ ಹೇಳಿಕೊಂಡು ಬಂದ. ಎಂಬತ್ತರ ಹತ್ತಿರದ ಹೆಂಗಸು ಕಾಯುತ್ತಿದ್ದದ್ದು ಒಂದು ದೋಸೆಯ ಕೂಗಿಗೆ.

ಆಲ್ಬಂ ಬರುವ ಮೊದಲು ಅಣ್ಣನ ಸಂದರ್ಶನ ಒಂದು ಬಂತು. ಐರೋಲಿಯ ಆಫೀಸಿನಿಂದ ಬರುವಾಗ ಗಾಡಿಯಲ್ಲಿ ನಿಂತುಕೊಂಡೇ ಫೋನಿನಲ್ಲಿ ಓದಿದೆ. ಹಿಂದೆಲ್ಲ ಅದು ಗುಹೆಯಲ್ಲಿ ಸಿಕ್ಕ ಸಾಧುವಿನ ಸ್ವರ ಅನ್ನುತ್ತಿದ್ದ. ಈಗ ಸಾಧುವನ್ನು ಕೈಬಿಟ್ಟು ಅಪ್ಪನನ್ನೇ ಹಿಡಿದಿದ್ದ. ‘ಅದು ನನ್ನ ತಂದೆ. ಲೋಕದ ಕಣ್ಣಿಗೆ ಹೋಟೆಲಿನವರು, ಒಳಗೆ ಮೌನಯೋಗಿ. ಸಂಜೆಯಾದರೆ ಶೂನ್ಯವನ್ನು ಕರೆಯುತ್ತಿದ್ದರು.’ ಮೌನಯೋಗಿ! ಸಾಂಬಾರಿಗೆ ಉಪ್ಪು ಕಡಿಮೆಯಾದರೆ ಬೀದಿಗೆ ಕೇಳುವಂತೆ ಭಟ್ಟರಿಗೆ ಬೈಯುತ್ತಿದ್ದ ಮನುಷ್ಯ. ಹೇಸಿಗೆಯಿಂದ ನನ್ನ ಕೈಯೆಲ್ಲ ಅಂಟಂಟಾದ ಹಾಗನ್ನಿಸಿತು. ಮನೆಗೆ ಬಂದವಳೇ ಫೋನು ಹಚ್ಚಿದೆ.

‘ಅಣ್ಣ, ನಿಂಗೆ ಸ್ವಲ್ಪವೂ ಮಾನ ಮರ್ಯಾದೆ ಇಲ್ವಾ? ಅಪ್ಪ ಯಾವಾಗ ಶೂನ್ಯ ಕರ್ದದ್ದು?’

‘ನೀನು ಅದನ್ನು ಲಿಟರಲ್ ಆಗಿ ತಕೊಳ್ತೀ. ಅದು ಆರ್ಟ್ ಮಾರಾಯ್ತಿ.’

‘ಅದು ಖಾಲಿ ದೋಸೆ.’

‘ದೋಸೆ ಅಂದ್ರೆ ಯಾರು ಕೇಳ್ತಾರೆ ಹೇಳು?’

‘ಅಮ್ಮ ಕೇಳ್ತಾಳೆ,’ ಅಂದೆ. ಅವನು, ಮೀಟಿಂಗ್ ಉಂಟು, ಆಮೇಲೆ ಮಾತಾಡುವ ಅಂತ ಇಟ್ಟುಬಿಟ್ಟ.

ಬಿಡುಗಡೆ ಇಟ್ಟುಕೊಂಡದ್ದು ಠಾಣೆಯ ಘೋಡಬಂದರ್ ರಸ್ತೆಯಲ್ಲಿ, ಅಣ್ಣನ ಬಿಲ್ಡಿಂಗಿನ ಕ್ಲಬ್‌ಹೌಸಿನಲ್ಲಿ, ಒಂದು ಭಾನುವಾರ ಸಂಜೆ. ನನಗೆ ಹೋಗಲು ಮನಸ್ಸೇ ಇರಲಿಲ್ಲ. ಅಮ್ಮ ಬೆಳಿಗ್ಗೆಯೇ ತಲೆಗೆ ಸ್ನಾನ ಮಾಡಿ, ಜರಿ ಅಂಚಿನ ಸೀರೆ ಉಟ್ಟು, ಕಿವಿಯ ಮಿಷನ್ನಿಗೆ ಹೊಸ ಬ್ಯಾಟರಿ ಹಾಕಿಸಿಕೊಂಡು ಕೂತಿದ್ದಳು. ಇಡೀ ದಾರಿ ಮೆಟ್ರೋ ಕೆಲಸದ ಧೂಳು, ಹೊಂಡ, ಲಾರಿ. ಅವಳು ಒಂದು ಮಾತೂ ದೂರು ಹೇಳಲಿಲ್ಲ. ಕೈಯಲ್ಲಿ ಮಿಷನ್ನಿನ ಡಬ್ಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

ಕ್ಲಬ್‌ಹೌಸಿನ ಬಾಗಿಲು ದಾಟಿದರೆ ಮೊದಲು ಮೂಗಿಗೆ ಹೊಡೆದದ್ದು ಪಕ್ಕದ ಈಜುಕೊಳದ ಕ್ಲೋರಿನ್, ಅದರ ಮೇಲೆ ಊದುಬತ್ತಿ, ಅದರ ಮೇಲೆ ಹೊಗೆ ಬಿಡುವ ಮಿಷನ್ನಿನ ಸುಟ್ಟ ಸಕ್ಕರೆಯಂಥ ವಾಸನೆ. ಚಪ್ಪಲಿ, ಬೂಟು ಹೊರಗೆ ಬಿಡಿಸಿದ್ದರಿಂದ ಕಾಲುಚೀಲಗಳ ನಾತವೂ ಸೇರಿತ್ತು. ಕುರ್ಚಿ ಇಲ್ಲ. ಎಲ್ಲರೂ ನೆಲದ ಮೇಲೆ ದೊಡ್ಡ ದೊಡ್ಡ ಚೀಲಗಳಂಥ ಮೆತ್ತೆಗಳಲ್ಲಿ ಅರ್ಧ ಮುಳುಗಿ ಬಿದ್ದುಕೊಂಡಿದ್ದರು. ಅಮ್ಮನಿಗೆ ವಾಚ್‌ಮನ್ನನ ಪ್ಲಾಸ್ಟಿಕ್ ಕುರ್ಚಿ ತರಿಸಿದೆ. ಮೂಲೆಯಲ್ಲಿ ಒಂದು ತಿಂಡಿಯ ಕೌಂಟರು, ‘ಕಾಸ್ಮಿಕ್ ದೋಸಾ’ ಅಂತ ಬೋರ್ಡು. ಯಾವುದೋ ಹೂವಿನ ರಸ ಹಾಕಿ ಹಿಟ್ಟಿಗೆ ನೀಲಿ ಬಣ್ಣ ಬರಿಸಿದ್ದರು. ಅಮ್ಮ ತಟ್ಟೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು.

‘ಬೂಷ್ಟು ಹಿಡಿದಿದ್ಯಾ ಇದಕ್ಕೆ?’

‘ಇಲ್ಲ ಅಮ್ಮ, ಬಣ್ಣ.’

‘ಬಣ್ಣ ಹಾಕಿ ಬೂಷ್ಟು ಬರಿಸ್ತಾರಾ?’ ಅಂದು ತಟ್ಟೆಯನ್ನು ನನ್ನ ಕೈಗೆ ಕೊಟ್ಟಳು.

ಬ್ರಿಜ್ಜಿನ ಮೇಲೆ ಕಂಡ ಇಲಿಬಾಲದವನೂ ಅಲ್ಲಿದ್ದ. ಮೌನಯೋಗಿಯ ಹೆಂಡತಿ ಅಂತ ಯಾರೋ ಹೇಳಿರಬೇಕು. ಬಂದು, ಮಾತಾಜಿ ಅಂತ ಅಮ್ಮನ ಕಾಲು ಹಿಡಿದು, ಆ ಬೆವರಿದ ಹಣೆಯನ್ನು ಅವಳ ಪಾದಕ್ಕೆ ಒತ್ತಿದ. ಅಮ್ಮ ಕಾಲು ಹಿಂದಕ್ಕೆ ಎಳೆದುಕೊಂಡಳು. ಅವನು ಹೋದ ಮೇಲೆ, ‘ಇವರ ದೋಸೆಯೂ ನೀಲಿ, ಕೈಯೂ ನೀಲಿ’ ಅಂದಳು.

ಅಣ್ಣ ಬೆಳ್ಳಿ ಬಣ್ಣದ ಕೋಟು ತೊಟ್ಟು ಬಂದ. ಮೀಸೆಗೆ ಹಚ್ಚಿದ ಕಪ್ಪು ಬಣ್ಣ ತುಟಿಯ ಚರ್ಮಕ್ಕೂ ಹತ್ತಿತ್ತು. ಆಕಾಶ, ಶೂನ್ಯ, ತಂದೆ ಅಂತ ಏನೇನೋ ಇಂಗ್ಲಿಷಿನಲ್ಲಿ ಭಾಷಣ ಮಾಡಿದ. ದೀಪ ಆರಿಸಿದರು. ಆಲ್ಬಂ ಶುರುವಾಯಿತು. ಗಾಳಿ. ಒಂದೇ ಸ್ವರ. ಮತ್ತೆ ಗಾಳಿ. ಇಷ್ಟು ವರ್ಷ ಬೇಯಿಸಿದ್ದು ಇದೇ ಅನ್ನವಾ ಅನ್ನಿಸಿತು. ಅಮ್ಮ ಮಾತ್ರ ಸೆಟೆದು ಕೂತು, ಮಿಷನ್ನಿನ ಕಿವಿಯನ್ನು ಸ್ಪೀಕರಿನ ಕಡೆ ತಿರುಗಿಸಿ ಹಿಡಿದಿದ್ದಳು. ಹಾಡಿನ ಮೇಲೆ ಹಾಡು ಹೋಯಿತು. ಕೊನೆಯ ಹಾಡಿನಲ್ಲಿ ಎಲ್ಲ ಸದ್ದೂ ನಿಂತು, ನಮ್ಮ ಅಪ್ಪನ ಸ್ವರ ಬಂತು. ಸ್ಪಷ್ಟ, ಹತ್ತಿರ, ಈಗ ಗಲ್ಲೆಯಿಂದ ಎದ್ದ ಹಾಗೆ.

ಓಂ. ಖಾಲೀ. ಮನ್.

ಅಲ್ಲಿಗೇ ನಿಂತಿತು. ಅಮ್ಮ ಇನ್ನೂ ಬರಲಿಕ್ಕಿದೆ ಅನ್ನುವ ಹಾಗೆ ಬಾಯಿ ಅರ್ಧ ತೆರೆದು ಕಾಯುತ್ತಿದ್ದಳು. ಬಂದದ್ದು ಬೇರೆ. ಅದೇ ಸ್ವರ, ಅದೇ ಗಂಟಲು, ಇಂಗ್ಲಿಷಿನಲ್ಲಿ ಮಾತಾಡತೊಡಗಿತು. ನೀವು ನಕ್ಷತ್ರಗಳ ಧೂಳು, ಶೂನ್ಯಕ್ಕೆ ಹೆದರಬೇಡಿ, ಬನ್ನಿ, ಬರಿದಾಗಿ, ಅಂತೆಲ್ಲ. ಅಪ್ಪನಿಗೆ ಗೊತ್ತಿದ್ದ ಇಂಗ್ಲಿಷು ಫುಲ್, ಹಾಫ್, ಪಾರ್ಸೆಲ್, ಫ್ಯಾಮಿಲಿ ರೂಮ್. ಸತ್ತ ಮನುಷ್ಯನ ಬಾಯಿಗೆ ಮಾತು ತುರುಕಿದ್ದರು. ಕತ್ತಲಲ್ಲಿ ಯಾರೋ ಬಿಕ್ಕಿ ಅಳುತ್ತಿದ್ದರು. ನಾನು ಅಮ್ಮನ ಕುರ್ಚಿಯ ಹತ್ತಿರಕ್ಕೆ ಸರಿದೆ.

‘ಎಂತ ಹೇಳಿದ್ರು ಅವರು?’ ಅಮ್ಮ ನನ್ನ ಕೈ ಹಿಡಿದು ಕೇಳಿದಳು.

‘ಎಂತ ಇಲ್ಲ ಅಮ್ಮ. ಮೇಲೆ ಹೋಗುವ.’

ಮೇಲೆ ಅಂದರೆ ಅಣ್ಣನ ಫ್ಲ್ಯಾಟು. ಅಣ್ಣನ ಮಗಳು ನಮ್ಮನ್ನು ಕರೆದುಕೊಂಡು ಹೋಗಿ ಚಾ ಮಾಡಿದಳು. ಇಲ್ಲೇ ಹುಟ್ಟಿದವಳು, ಕನ್ನಡ ಸುಮಾರಾಗಿ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ರೆಕಾರ್ಡಿಂಗ್ ಕೆಲಸವೇ ಅವಳದು. ಅಪ್ಪನ ಕೂಗನ್ನು ತೊಳೆದವಳೂ, ಅದನ್ನೇ ಕೇಳಿಸಿ ಕಂಪ್ಯೂಟರಿಗೆ ಅಜ್ಜನ ಹಾಗೆ ಮಾತಾಡಲು ಕಲಿಸಿದವಳೂ ಇವಳೇ ಅಂತ ಆಗ ಗೊತ್ತಾಯಿತು. ಅವಳ ಮುಖದಲ್ಲಿ ಕಳ್ಳತನವಿರಲಿಲ್ಲ, ಹೆಮ್ಮೆಯಿತ್ತು. ಅಷ್ಟರಲ್ಲಿ ಅಣ್ಣನೂ ಬೆಳ್ಳಿ ಕೋಟಿನಲ್ಲೇ ಬಂದು ಸೋಫಾದ ಮೇಲೆ ಬಿದ್ದ.

‘ಅಜ್ಜೀ, ಬೋಲೋ ನಾ, ಅಜ್ಜಾ ಸೆ ಕ್ಯಾ ಬುಲ್ವಾಊಂ?’ ಅಂದಳು ಹುಡುಗಿ, ಲ್ಯಾಪ್‌ಟಾಪನ್ನು ಅಮ್ಮನ ಮುಂದಿಟ್ಟು. ಅಜ್ಜನ ಬಾಯಲ್ಲಿ ಏನು ಹೇಳಿಸಲಿ, ನೀನು ಹೇಳಿದ್ದನ್ನು ಹೇಳಿಸುತ್ತೇನೆ ಅಂತ.

ಅಮ್ಮ ಸೀರೆಯ ಅಂಚು ತಿರುವಿದಳು. ಆಮೇಲೆ ಮೆಲ್ಲಗೆ, ‘ನನ್ನನ್ನು ಕರೀಲಿಕ್ಕೆ ಹೇಳು’ ಅಂದಳು.

ಹುಡುಗಿಗೆ ಕರೆಯುವುದು ಅಂದರೆ ಹೆಸರು. ಬೇರೇನು ತಿಳಿಯಬೇಕು ಅವಳಿಗೆ? ಟಪಟಪ ಒತ್ತಿ ಅಮ್ಮನ ಹೆಸರು ಬರೆದಳು. ತಡೆಯಬೇಕು ಅಂತ ನಾನು ಬಾಯಿ ತೆರೆಯುವಷ್ಟರಲ್ಲಿ ಅಪ್ಪನ ಸ್ವರ ಅಮ್ಮನ ಹೆಸರನ್ನು ಕರೆಯಿತು. ಬಹಳ ಮೆತ್ತಗೆ, ಸಿನಿಮಾದಲ್ಲಿ ಕರೆಯುವ ಹಾಗೆ. ಹುಡುಗಿ ಖುಷಿಯಾಗಿ ಇನ್ನೊಂದು ಸಲ ಒತ್ತಿದಳು.

ಅಮ್ಮ ಸೆರಗನ್ನು ಎಳೆದು ಎರಡೂ ಭುಜ ಮುಚ್ಚಿಕೊಂಡಳು. ಮನೆಗೆ ಅಪರಿಚಿತ ಗಂಡಸರು ಬಂದಾಗ ಹಾಗೆ ಮಾಡುತ್ತಿದ್ದಳು. ಕುರ್ಚಿಯನ್ನು ಹಿಂದಕ್ಕೆ ಸರಿಸಿ, ‘ಯಾರು ಇವ?’ ಅಂದಳು. ‘ನನ್ನ ಹೆಸರು ಹಿಡಿದು ಕರೀಲಿಕ್ಕೆ ಯಾರು ಇವ?’

‘ಅಪ್ಪ, ಅಮ್ಮಾ, ಅಪ್ಪ,’ ಅಂದ ಅಣ್ಣ.

‘ನಿಮ್ಮ ಅಪ್ಪ ಅಲ್ಲ. ಬಂದ್ ಮಾಡು. ಮೊದಲು ಬಂದ್ ಮಾಡು.’

ಹುಡುಗಿ ಲ್ಯಾಪ್‌ಟಾಪನ್ನು ಅರ್ಧ ಮುಚ್ಚಿದಳು. ಪಾಪ, ಮುಖ ಸಣ್ಣದಾಗಿತ್ತು. ಅಮ್ಮ ಸ್ವಲ್ಪ ಸುಧಾರಿಸಿಕೊಂಡು ಅಣ್ಣನಿಗೆ, ‘ಅವರು ನನ್ನನ್ನು ಕರ್ದದ್ದು ಕ್ಯಾಸೆಟ್‌ನಲ್ಲಿ ಉಂಟಲ್ಲ. ಅದೆಲ್ಲಿ ಹೋಯ್ತು? ಕೆಳಗೆ ಅದನ್ನು ಅರ್ಧವೇ ಹಾಕಿದ್ದು ಯಾಕೆ? ಮನೆಗೆ ಅಂತ ಬರ್ಲೇ ಇಲ್ಲ’ ಅಂದಳು.

‘ಮನೆಗೆ?’ ಹುಡುಗಿ ತಲೆ ಎತ್ತಿದಳು. ಹುಟ್ಟಿದಂದಿನಿಂದ ಅದನ್ನು ಮಂತ್ರ ಅಂತಲೇ ಕೇಳಿ ಬೆಳೆದವಳು. ‘ಮತ್ಲಬ್ ಘರ್? ಖಾಲಿ ಮನ್ ನಹೀ ಹೈ ಕ್ಯಾ?’

ಅಣ್ಣ ಕೋಟಿನ ಗುಂಡಿಗೆ ಕೈ ಹಾಕಿದ. ನಾನೇ ಹೇಳಿದೆ. ‘ಒಂದು ಖಾಲಿ ದೋಸೆ, ಮನೆಗೆ ಪಾರ್ಸೆಲ್. ಮನೆ ಅಂದ್ರೆ ನಿನ್ನ ಅಜ್ಜಿ. ನಿನ್ನ ಅಜ್ಜ ಜೀವಮಾನದಲ್ಲಿ ಇವಳನ್ನು ಕರೆದದ್ದು ಹಾಗೆ.’

ಅವಳು ತನ್ನ ಅಪ್ಪನನ್ನು ನೋಡಿದಳು. ‘ಪಪ್ಪಾ, ಪೀಛೇ ವೋ ಜೋ ‘ಗೆ’ ಥಾ... ಆಪ್ ನೆ ಬೋಲಾ ನಾಯ್ಸ್ ಹೈ, ಕಾಟ್ ದೋ.’

ಕೊನೆಯ ‘ಗೆ’ ಬರೀ ನಾಯ್ಸ್, ಕತ್ತರಿಸು ಅಂದಿದ್ದ. ಉಳಿದವರು ತಿಳಿಯದೆ ತಪ್ಪು ಕೇಳಿದರು. ಇವನಿಗೆ ಆ ಮಾತು ಗೊತ್ತಿತ್ತು, ಅದು ಯಾರಿಗೆ ಅಂತ ಗೊತ್ತಿತ್ತು, ಅದೇ ದೋಸೆಯ ತುದಿ ಮುರಿದು ಇವನೂ ತಿಂದಿದ್ದ. ಗೊತ್ತಿದ್ದೂ, ಅಮ್ಮ ಕಾಯುತ್ತಿದ್ದಾಳೆ ಅಂತ ತಿಳಿದೂ, ತನ್ನ ಮಗಳ ಕೈಯಲ್ಲೇ ಅದನ್ನು ಕತ್ತರಿಸಿ ಎಸೆಯಿಸಿದ್ದ. ಬೆಳ್ಳಿ ಕೋಟಿನ ಗುಂಡಿ ತಿರುವುತ್ತಾ ಕೂತ ಅವನನ್ನು ನೋಡಿ ನನಗೆ ಸಿಟ್ಟು ಕೂಡ ಬರಲಿಲ್ಲ. ಚಾದಲ್ಲಿ ಬಿದ್ದ ಜಿರಳೆಯನ್ನು ಕಂಡಾಗ ಆಗುವುದೇ ಆಯಿತು.

ಹುಡುಗಿ ಲ್ಯಾಪ್‌ಟಾಪ್ ತೆರೆದು ಹುಡುಕಿದಳು. ಸ್ಪೂಲಿನಿಂದ ಮೊದಲು ಇಳಿಸಿಕೊಂಡದ್ದು, ಏನೂ ಕತ್ತರಿಸದ್ದು, ಅವಳ ಹತ್ತಿರ ಉಳಿದಿತ್ತು. ಸಂಗೀತವನ್ನು ಮಾತ್ರ ಅಡಗಿಸಿ ಹಚ್ಚಿದಳು. ಲೋಟಗಳು ತಾಗುವ ಸದ್ದು, ನಲ್ಲಿಯ ನೀರು, ಯಾರೋ ಕುರ್ಚಿ ಎಳೆದದ್ದು. ಆಮೇಲೆ ಅಪ್ಪ.

‘ಒಂ...ದ್ ಖಾಲೀ, ಮನೆಗೇ.’

ಅಮ್ಮನ ಸೆರಗು ಭುಜದಿಂದ ಜಾರಿತು. ಅವಳು ಬಾಯಿಗೆ ಕೈ ಅಡ್ಡ ಹಿಡಿದು, ಆ ಹಳೆಯ ಟೇಪ್ ರೆಕಾರ್ಡರಿನ ಮುಂದೆ ಕೂತಿದ್ದಾಗ ಹೇಗೋ ಹಾಗೆಯೇ ನಕ್ಕಳು. ಕಣ್ಣ ತುಂಬ ನೀರು. ನನ್ನ ಕಡೆ ತಿರುಗಿ, ‘ಚಟ್ನಿ ಬೇರೆ ಕಟ್ಲಿಕ್ಕೆ ಹೇಳು ಮಾರಾಯ್ತಿ’ ಅಂದಳು.

ಹುಡುಗಿ ಅಳತೊಡಗಿದಳು. ಅಣ್ಣನೂ ಕಣ್ಣೊರೆಸಿಕೊಂಡ. ಆ ಒಂದು ಗಳಿಗೆ ನನಗೆ ಅವನ ಮೇಲಿನ ಅಸಹ್ಯ ಕಮ್ಮಿಯಾಯಿತೇನೋ ಅನ್ನುವಷ್ಟರಲ್ಲಿ ಅವನು ಜೇಬಿನಿಂದ ಫೋನು ತೆಗೆದು ಅಮ್ಮನ ಬಾಯಿಯ ಹತ್ತಿರ ಹಿಡಿದ.

‘ಅಮ್ಮಾ, ಈಗ ಹೇಳಿದ್ದನ್ನೇ ಇನ್ನೊಮ್ಮೆ ಹೇಳು. ಅದೇ ಸ್ವರದಲ್ಲಿ. ನೆಟ್ಟಿನಲ್ಲಿ ಕೊನೆಯ ಹಾಡಿಗೆ ಸೇರಿಸುವ. ಜನ ಹುಚ್ಚಾಗ್ತಾರೆ.’

ಅಮ್ಮ ಅವನನ್ನು ನೋಡಿದಳು. ಕೈಯೆತ್ತಿ ಕಿವಿಯಿಂದ ಮಿಷನ್ ತೆಗೆದು, ಡಬ್ಬಿಯಲ್ಲಿಟ್ಟು, ಮುಚ್ಚಳ ಒತ್ತಿದಳು. ಅವನು ಇನ್ನೂ ಏನೇನೋ ಹೇಳುತ್ತಲೇ ಇದ್ದ. ಅಮ್ಮ ನನ್ನ ಭುಜ ಹಿಡಿದು ಎದ್ದಳು.

‘ನಡಿ,’ ಅಂದಳು ನನಗೆ. ‘ಮನೆಗೆ.’